ಔಷಧದ ಪ್ರತಿ ಪೆಟ್ಟಿಗೆಗೂ ಬೇರೆ ನಂಬರ್ ಯಾಕೆ? ಬ್ಯಾಚ್ ನಂಬರ್ ಸಾಲದೇ?

ಸಾಲದು. ಒಂದು ಬ್ಯಾಚ್‌ನಲ್ಲಿ ಸಾವಿರಾರು ಪೆಟ್ಟಿಗೆ ಇರುತ್ತವೆ, ಎಲ್ಲದಕ್ಕೂ ನಂಬರ್ ಒಂದೇ. ನಕಲಿ ಮಾಡುವವನು ಅದನ್ನೇ ಅಚ್ಚು ಹಾಕಿಬಿಟ್ಟರೆ ಗೊತ್ತಾಗುವುದು ಕಷ್ಟ, ಅಲ್ವಾ?

ಸೀರಿಯಲೈಸೇಶನ್‌ನಲ್ಲಿ ಪ್ರತಿ ಪೆಟ್ಟಿಗೆಗೂ ತನ್ನದೇ ನಂಬರ್. ಪ್ಯಾಕಿಂಗ್ ಲೈನ್‌ನಲ್ಲಿ ಪ್ರಿಂಟರ್ ಅದನ್ನು ಕೋಡ್ ಆಗಿ ಹಾಕುತ್ತದೆ, ಕ್ಯಾಮೆರಾ ಓದಿ ನೋಡುತ್ತದೆ, ಸರಿಯಿಲ್ಲದ ಪೆಟ್ಟಿಗೆ ಪಕ್ಕಕ್ಕೆ ಹೋಗುತ್ತದೆ. ನಂಬರ್ ಸುಮ್ನೆ 1, 2, 3 ಅಂತ ಸಾಲಾಗಿ ಇದ್ದರೆ ಯಾರು ಬೇಕಾದರೂ ಊಹಿಸಬಹುದು. ಹಾಗಾಗಿ ಅಡ್ಡಾದಿಡ್ಡಿಯಾಗಿ ಕೊಡುತ್ತಾರೆ. ಯುರೋಪಿನಲ್ಲಿ 2019ರ ಫೆಬ್ರುವರಿಯಿಂದ, ಮಾತ್ರೆ ಕೊಡುವಾಗ ಅಂಗಡಿಯವರು ಸ್ಕ್ಯಾನ್ ಮಾಡಿ ಆ ನಂಬರನ್ನು ರದ್ದು ಮಾಡುತ್ತಾರೆ. ಅದೇ ನಂಬರ್ ಇನ್ನೊಂದು ಕಡೆ ಬಂದರೆ ತಕ್ಷಣ ಎಚ್ಚರಿಕೆ ಬರುತ್ತದೆ. ನನ್ನ ಪ್ರಕಾರ ಇದರ ನಿಜವಾದ ಬಲ ಇಲ್ಲೇ ಇದೆ.

ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಆದರೆ ಮಾರುವಾಗ ರದ್ದು ಮಾಡಬೇಕೆಂಬ ನಿಯಮ ಅದರಲ್ಲಿಲ್ಲ. ಅದೂ ಬರಲೇಬೇಕು.

ಬೆಂಗಳೂರಿನಲ್ಲಿ ಅಮ್ಮನಿಗೆ ಮಾತ್ರೆ ತರುವಾಗ ನಾನು ಮೆಡಿಕಲ್ ಶಾಪ್‌ನಲ್ಲೇ ಸ್ಕ್ಯಾನ್ ಮಾಡುತ್ತೇನೆ. ಫೋನಿನಲ್ಲಿ ಬಂದ ಬ್ಯಾಚ್, ಎಕ್ಸ್‌ಪೈರಿ ಎರಡೂ ಸ್ಟ್ರಿಪ್ ಮೇಲೆ ಇರುವುದಕ್ಕೆ ಹೊಂದಬೇಕು. ಹೊಂದದಿದ್ದರೆ ಆ ಮಾತ್ರೆ ಮನೆಯವರಿಗೆ ಕೊಡಬೇಡಿ. ಬಿಲ್ ಇಟ್ಟುಕೊಂಡು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಿ.