ಯಾದ್ವಿಗಾ: ಸಿಂಹಾಸನದಿಂದ ಸಂತ ಪದವಿಗೆ

ಪ್ರಶ್ನೆ: ಪೋಲೆಂಡಿನ ರಾಣಿ ಯಾದ್ವಿಗಾ ತೀರಿಕೊಂಡು ಸುಮಾರು ಆರುನೂರು ವರ್ಷಗಳಾದ ಮೇಲೆ ಕಥೋಲಿಕ ಧರ್ಮಸಭೆ ಆಕೆಯನ್ನು ಸಂತಳೆಂದು ಘೋಷಿಸಿತೆಂದು ಓದಿದೆ. ಆಕೆ ಮಾಡಿದ್ದಾದರೂ ಏನು?

ಉತ್ತರ: ಸಂತರ ಚರಿತ್ರೆಗಳಲ್ಲಿ ಪವಾಡಗಳಿಗೇ ಹೆಚ್ಚು ಜಾಗ ಸಿಗುವುದುಂಟು, ಯಾದ್ವಿಗಾಳ ವಿಷಯದಲ್ಲಿ ಮಾತ್ರ ಆಕೆ ಬಿಟ್ಟುಕೊಟ್ಟದ್ದೇ ಪವಾಡಗಳಿಗಿಂತ ದೊಡ್ಡದೆಂದು ನನಗೆ ತೋರುತ್ತದೆ.

ಹಂಗೇರಿ ಮತ್ತು ಪೋಲೆಂಡ್ ಎರಡನ್ನೂ ಆಳುತ್ತಿದ್ದ ದೊರೆ ಲೂಯಿಗೆ ಗಂಡುಮಕ್ಕಳಿರಲಿಲ್ಲ. ಹೆಣ್ಣುಮಕ್ಕಳ ಉತ್ತರಾಧಿಕಾರವನ್ನು ಒಪ್ಪಿಕೊಳ್ಳಲಿ ಎಂದು ಆತ 1374ರಲ್ಲಿ ಪೋಲಿಷ್ ಶ್ರೀಮಂತ ಮನೆತನಗಳಿಗೆ ತೆರಿಗೆಯ ರಿಯಾಯಿತಿ ಕೊಟ್ಟಿದ್ದನು. ಅದರ ಫಲವಾಗಿ 1384ರ ಅಕ್ಟೋಬರ್ 16ರಂದು ಕ್ರಾಕೊವ್‌ನಲ್ಲಿ ಹತ್ತು-ಹನ್ನೊಂದರ ಬಾಲಕಿ ಯಾದ್ವಿಗಾಳಿಗೆ, ಯಾವ ಅರಸನ ಮಡದಿಯಾಗಿಯೂ ಅಲ್ಲದೆ, ಸ್ವತಃ ರಾಜ್ಯದ ಒಡತಿಯಾಗಿಯೇ ಪಟ್ಟಾಭಿಷೇಕವಾಯಿತು.

ಬಾಲ್ಯದಲ್ಲೇ ಆಸ್ಟ್ರಿಯಾದ ರಾಜಕುಮಾರ ವಿಲ್‌ಹೆಲ್ಮ್‌ನೊಂದಿಗೆ ಆಕೆಯ ವಿವಾಹ ನಿಶ್ಚಯವಾಗಿತ್ತು. ಆದರೆ ರಾಜ್ಯದ ಪ್ರಮುಖರು ಆ ಸಂಬಂಧವನ್ನು ಮುರಿದು, ಇನ್ನೂ ಕ್ರೈಸ್ತನಾಗಿರದ ಲಿಥುವೇನಿಯಾದ ಮಹಾಪ್ರಭು ಯೊಗೈಲಾನನ್ನು ಆರಿಸಿದರು. ವಿಲ್‌ಹೆಲ್ಮ್‌ನನ್ನು ಸೇರಲು ಆಕೆ ಕೋಟೆಯ ಬಾಗಿಲನ್ನು ಕೊಡಲಿಯಿಂದ ಒಡೆಯಹೊರಟಳೆಂದು ಚರಿತ್ರಕಾರ ಯಾನ್ ದ್ವುಗೋಶ್ ಬರೆಯುತ್ತಾನೆ. ಆತ ಹುಟ್ಟಿದ್ದೇ ಆಕೆ ಸತ್ತ ಮೇಲಾದ್ದರಿಂದ ಇದನ್ನು ಕಥೆಯೆಂದೇ ಓದುವುದು ಕ್ಷೇಮ. 1386ರ ಫೆಬ್ರವರಿಯಲ್ಲಿ ಯೊಗೈಲಾ ದೀಕ್ಷಾಸ್ನಾನ ಪಡೆದು ವ್ವಾದಿಸ್ವಾವ್ ಎಂಬ ಹೆಸರು ತಾಳಿ ಆಕೆಯನ್ನು ವಿವಾಹವಾದನು. ಮರುವರ್ಷ ಲಿಥುವೇನಿಯಾದ ಜನರ ದೀಕ್ಷಾಸ್ನಾನವೂ ಆರಂಭವಾಯಿತು. ಆಕೆಯನ್ನು ಸಂತಳೆನ್ನುವವರು ಮೊದಲು ಎತ್ತಿ ಹೇಳುವುದು ಇದನ್ನೇ.

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ವಿದ್ಯೆಗಾಗಿ ಆಕೆ ಪಟ್ಟ ಶ್ರಮ. 1364ರಲ್ಲಿ ಸ್ಥಾಪನೆಯಾಗಿ ಸೊರಗಿಹೋಗಿದ್ದ ಕ್ರಾಕೊವ್ ವಿಶ್ವವಿದ್ಯಾಲಯಕ್ಕೆ ದೇವಶಾಸ್ತ್ರ ವಿಭಾಗವನ್ನು ತೆರೆಯುವ ಅನುಮತಿಯನ್ನು ಆಕೆ 1397ರಲ್ಲಿ ಪೋಪ್ ಒಂಬತ್ತನೇ ಬೊನಿಫೇಸ್‌ರಿಂದ ದೊರಕಿಸಿದಳು. ಲಿಥುವೇನಿಯಾದ ವಿದ್ಯಾರ್ಥಿಗಳಿಗಾಗಿ ಪ್ರಾಗ್‌ನಲ್ಲಿ ಒಂದು ವಸತಿ ಕಾಲೇಜಿಗೂ ಹಣ ಒದಗಿಸಿದಳು. ತನ್ನ ಒಡವೆಗಳನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟದ್ದರಿಂದಲೇ 1400ರಲ್ಲಿ ಅದರ ಪುನಃಸ್ಥಾಪನೆ ಸಾಧ್ಯವಾಯಿತು. ಅದನ್ನು ನೋಡಲು ಆಕೆ ಉಳಿದಿರಲಿಲ್ಲ: 1399ರ ಜೂನ್‌ನಲ್ಲಿ ಹುಟ್ಟಿದ ಮಗಳು ಜುಲೈ 13ರಂದು ತೀರಿಕೊಂಡಳು, ನಾಲ್ಕು ದಿನಗಳ ತರುವಾಯ ಬಾಣಂತಿಯೂ ಹೋದಳು.

ಜನರು ಆಗಿನಿಂದಲೇ ಆಕೆಯನ್ನು ಪೂಜ್ಯಳೆಂದು ಭಾವಿಸಿದ್ದರು. 15ನೇ ಶತಮಾನದಲ್ಲೇ ಧರ್ಮಸಭೆಯ ವಿಚಾರಣೆ ಶುರುವಾದರೂ ಅದು ಕೊನೆಮುಟ್ಟಲಿಲ್ಲ. ಕೊನೆಗೆ, ಹಿಂದೆ ಕ್ರಾಕೊವ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಪೋಪ್ ಎರಡನೇ ಜಾನ್ ಪಾಲ್ 1997ರ ಜೂನ್ 8ರಂದು ಅದೇ ನಗರದಲ್ಲಿ ಆಕೆಯನ್ನು ಸಂತಳೆಂದು ಘೋಷಿಸಿದರು.