ಸಾಂಕ್ರಾಮಿಕ ರೋಗ ಬಂದಾಗ ಜೈಲಿನೊಳಗಿನವರ ಜೀವಕ್ಕೆ ಯಾರು ಹೊಣೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಕೋವಿಡ್‌ನಂಥದ್ದು ಮತ್ತೆ ಬಂದರೆ ಕೈದಿಗಳ ಆರೋಗ್ಯ, ಹಕ್ಕು ಕಾಪಾಡುವುದು ಹೇಗೆ ಅನ್ನುವುದು ಒಂದು. ಹೊರಗಿದ್ದ ನಮಗೇ ಬೆಡ್ ಸಿಗದಿದ್ದಾಗ ಜೈಲಿನಲ್ಲಿರುವ "ಅಪರಾಧಿಗಳ" ಹಕ್ಕಿನ ಮಾತು ಎಷ್ಟು ಸರಿ ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ಕೋಪವಿದೆ. 2021ರ ಮೇ ತಿಂಗಳಲ್ಲಿ ದೊಡ್ಡಪ್ಪನಿಗೆ ಆಕ್ಸಿಜನ್ ಬೆಡ್ ಹುಡುಕುತ್ತ ರಾತ್ರಿಯಿಡೀ ಫೋನ್ ಹಿಡಿದು ಕೂತವನು ನಾನು, ಆ ಕೋಪ ನನಗೆ ಗೊತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಅಲೆದಾಡಿದೆವು. ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡಿದೆವು, ಗುರುತಿದ್ದವರನ್ನೆಲ್ಲ ಅಂಗಲಾಚಿದೆವು, ಏನೂ ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತೆವು. ಬ್ಯಾರಕ್‌ನಲ್ಲಿರುವವನಿಗೆ ಇದರಲ್ಲಿ ಒಂದೂ ಇಲ್ಲ. ಪಕ್ಕದವನು ಕೆಮ್ಮಿದರೆ ಎದ್ದು ಆಚೆ ಹೋಗುವ ಹಾಗಿಲ್ಲ, ಆಚೆ ಬೀಗವಿದೆ. ಬೀಗ ಹಾಕಿದ್ದು ಸರ್ಕಾರ. ಹಾಕಿದ ಮೇಲೆ ಅವನ ಉಸಿರಿನ ಹೊಣೆಯೂ ಸರ್ಕಾರದ್ದೇ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಜೈಲಿನ ಬಾಗಿಲಲ್ಲಿ ನಿಂತುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1974ರ ಭುವನ್ ಮೋಹನ್ ಪಟ್ನಾಯಕ್ ಪ್ರಕರಣದಿಂದ ಹಿಡಿದು ಎಷ್ಟೋ ಸಲ ಹೇಳಿದೆ. ನ್ಯಾಯಾಲಯ ಕೊಡುವ ಶಿಕ್ಷೆ ಸೆರೆವಾಸ. ಯಾವ ನ್ಯಾಯಾಧೀಶರೂ ಯಾರಿಗೂ ನ್ಯುಮೋನಿಯಾ ವಿಧಿಸಿಲ್ಲ.

ಇನ್ನೊಂದು ವಿಷಯ. ನೀವು "ಅಪರಾಧಿಗಳು" ಎಂದು ಬರೆದಿದ್ದೀರಿ. 2020ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದವರು 4,88,511 ಮಂದಿ. ಇದು ಎನ್‌ಸಿಆರ್‌ಬಿ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕ. ಅವರಲ್ಲಿ 3,71,848 ಮಂದಿ, ಅಂದರೆ ನೂರಕ್ಕೆ 76, ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ.

ನಾನು ಜಿಲ್ಲಾ ಕೋರ್ಟಿನಲ್ಲಿ ವಕೀಲ. ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ನಲ್ಲಿದ್ದೇನೆ, ವಕೀಲರನ್ನಿಡುವ ಶಕ್ತಿ ಇಲ್ಲದವರ ಕೇಸು ನೋಡುತ್ತೇನೆ. ಕೋವಿಡ್ ಹೊತ್ತಿನಲ್ಲಿ ಕಂಡದ್ದರಿಂದ ನನಗೆ ಗಟ್ಟಿಯಾದ ಒಂದು ಅಭಿಪ್ರಾಯವಿದೆ: ಜೈಲಿನಲ್ಲಿ ಸೋಂಕಿಗೆ ಮೊದಲ ಔಷಧಿ ಜಾಗ. ಮಾಸ್ಕು, ಸ್ಯಾನಿಟೈಸರ್, ಥರ್ಮಾಮೀಟರ್ ಎಲ್ಲ ಆಮೇಲಿನ ಮಾತು. ಮೈಗೆ ಮೈ ತಾಗಿಸಿ ಮಲಗುವ ಕಡೆ ಆರಡಿ ಅಂತರ ಇಡಿ ಎಂದರೆ ಯಾರು ಎಲ್ಲಿ ಸರಿಯಬೇಕು?

ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಬ್ರಿಟಿಷರ ಕಾಲದ 1894ರ ಕಾರಾಗೃಹಗಳ ಕಾಯ್ದೆಯ 7ನೇ ಕಲಂನಲ್ಲೇ ಇದೆ. ಜೈಲಿನಲ್ಲಿ ಹಿಡಿಸಲಾರದಷ್ಟು ಜನರಾದರೆ ಅಥವಾ ಸಾಂಕ್ರಾಮಿಕ ರೋಗ ಹಬ್ಬಿದರೆ ಕೈದಿಗಳಿಗೆ ತಾತ್ಕಾಲಿಕವಾಗಿ ಬೇರೆ ಕಡೆ ವಸತಿ ಮಾಡಿಕೊಡಬೇಕು ಎನ್ನುತ್ತದೆ ಅದು. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಪ್ರತಿ ರಾಜ್ಯವೂ ಉನ್ನತಾಧಿಕಾರ ಸಮಿತಿ ರಚಿಸಬೇಕೆಂದು ಆದೇಶಿಸಿತು. ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದು ಎಂದು ಆ ಸಮಿತಿ ತೀರ್ಮಾನಿಸಬೇಕಿತ್ತು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳನ್ನು ಪರಿಗಣಿಸಬಹುದು ಎಂದು ಕೋರ್ಟೇ ಉದಾಹರಣೆ ಕೊಟ್ಟಿತ್ತು. ಒಳ್ಳೆಯ ಆದೇಶ, ಅದರಿಂದ ಸಾವಿರಾರು ಜನ ಹೊರಗೆ ಬಂದರು. ಆದರೆ ಮುಂದಿನ ವರ್ಷದ ಲೆಕ್ಕ ನೋಡಿ: 2021ರ ಕೊನೆಗೆ ಜೈಲಿನಲ್ಲಿದ್ದವರು 5,54,034. ನೂರು ಜನರ ಜಾಗದಲ್ಲಿ 130 ಜನ. ಎರಡನೇ ಅಲೆ ಬಂದು ಹೋದ ವರ್ಷದಲ್ಲೇ ಅರವತ್ತೈದು ಸಾವಿರ ಜನ ಹೆಚ್ಚಾದರು. ಹಿಂಬಾಗಿಲಿನಿಂದ ಬಿಡುತ್ತ ಮುಂಬಾಗಿಲಿನಿಂದ ತುಂಬುತ್ತಿದ್ದೆವು. 2021ರ ಮೇ 7ರಂದು ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ, ಏಳು ವರ್ಷದೊಳಗಿನ ಶಿಕ್ಷೆಯ ಆರೋಪಗಳಲ್ಲಿ ಕಣ್ಣುಮುಚ್ಚಿ ಬಂಧಿಸಬಾರದು ಎನ್ನುವ 2014ರ ಅರ್ನೇಶ್ ಕುಮಾರ್ ತೀರ್ಪನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು ಮತ್ತೆ ಹೇಳಬೇಕಾಯಿತು.

ಬಿಡುಗಡೆಯ ಆದೇಶಕ್ಕೂ ಬಿಡುಗಡೆಗೂ ನಡುವೆ ಏನಾಗುತ್ತದೆ ಎನ್ನುವುದಕ್ಕೆ ನನ್ನದೇ ಒಂದು ಕೇಸು ಹೇಳುತ್ತೇನೆ. ಹುಡುಗನಿಗೆ 22 ವರ್ಷ. ಬೇರೆ ಜಿಲ್ಲೆಯಿಂದ ಗಾರೆ ಕೆಲಸಕ್ಕೆ ಬಂದವನು, ಬೈಕ್ ಕಳವಿನ ಆರೋಪ. ಚಿಕ್ಕಂದಿನಿಂದ ಉಬ್ಬಸ. ಅವನ ತಾಯಿ ಇನ್‌ಹೇಲರ್ ಅನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಎರಡು ಸಲ ಜೈಲಿನ ಗೇಟಿಗೆ ಬಂದರು. ಡಾಕ್ಟರ್ ಚೀಟಿ ಇಲ್ಲದೆ ಒಳಗೆ ತೆಗೆದುಕೊಳ್ಳುವುದಿಲ್ಲ ಎಂದರು ಗೇಟಿನವರು. ಚೀಟಿ ಕೊಡಬೇಕಾದ ಜೈಲಿನ ಡಾಕ್ಟರನ್ನು ಕೋವಿಡ್ ಡ್ಯೂಟಿಗೆ ಬೇರೆ ಕಡೆ ಹಾಕಿದ್ದರು. ಕೈದಿಗಳನ್ನು ಮನೆಯವರು, ವಕೀಲರು ಭೇಟಿಯಾಗುವ ಸಂದರ್ಶನ ನಿಂತುಹೋಗಿತ್ತು. ವಿಡಿಯೊ ಕಾನ್ಫರೆನ್ಸ್‌ನಲ್ಲಿ ಅವನ ಜೊತೆ ನಾಲ್ಕು ನಿಮಿಷ ಮಾತಾಡಿ ಹೊರಗೆ ಬಂದೆ. ಆ ತಾಯಿ ಕೇಸು ಏನಾಯಿತು ಎಂದು ಕೇಳಲಿಲ್ಲ. "ಮಾತಾಡೋವಾಗ ಮಧ್ಯ ಮಧ್ಯ ನಿಲ್ಲಿಸ್ತಿದ್ನಾ ಸಾರ್?" ಅಂದರು. ಉಬ್ಬಸ ಏರಿದರೆ ಅವನು ನಾಲ್ಕು ಮಾತಿಗೊಮ್ಮೆ ನಿಲ್ಲಿಸುತ್ತಾನಂತೆ. ನಾನು ಗಮನಿಸಿರಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡಿದ್ದೆ.

ಅವನಿಗೆ ಜಾಮೀನು ಸಿಕ್ಕಿತು. ಷರತ್ತು: ಐವತ್ತು ಸಾವಿರದ ಬಾಂಡ್, ಜೊತೆಗೆ ಒಬ್ಬ ಜಾಮೀನುದಾರ. ಜಾಮೀನುದಾರ ಅಂದರೆ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬಂದು ಸಹಿ ಹಾಕುವ ಆಸ್ತಿವಂತ. ಲಾಕ್‌ಡೌನ್, ಬಸ್ಸಿಲ್ಲ, ಊರು ಬೇರೆ ಜಿಲ್ಲೆಯಲ್ಲಿ. ಬೈಕ್ ಕಳವಿನ ಆರೋಪ ಹೊತ್ತ ಕೂಲಿ ಹುಡುಗನಿಗಾಗಿ ಜಮೀನಿನ ಕಾಗದ ಕೊಡಲು ಯಾರು ಬರುತ್ತಾರೆ? ಆದೇಶವಾದ ಹನ್ನೊಂದನೇ ದಿನ ಅವನಿಗೆ ಜ್ವರ ಬಂತು. ಹದಿನಾರನೇ ದಿನ ನಾನು ಜಾಮೀನುದಾರನಿಲ್ಲದೆ ಸ್ವಂತ ಬಾಂಡ್ ಮೇಲೆಯೇ ಬಿಡಬೇಕೆಂದು ಅರ್ಜಿ ಹಾಕಿದೆ. ನನಗೆ ಆಧಾರವಾಗಿದ್ದು 1978ರ ಮೋತಿರಾಮ್ ಪ್ರಕರಣ. ಅಲ್ಲೂ ಗಾರೆ ಕೆಲಸದವನೇ. ಜಾಮೀನುದಾರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟ್ ತಿರಸ್ಕರಿಸಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವನನ್ನು ಸಾವಿರ ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಿಸಿದರು. ನಮ್ಮ ನ್ಯಾಯಾಧೀಶರೂ ಒಪ್ಪಿದರು. ಹುಡುಗ ಬದುಕಿ ಹೊರಗೆ ಬಂದ. ಆ ಅರ್ಜಿಯನ್ನು ನಾನು ಮೊದಲ ದಿನವೇ ಹಾಕಬೇಕಿತ್ತು. ಹಾಕಿದ್ದರೆ ಆ ಜ್ವರ ಅವನಿಗೆ ಬರುತ್ತಲೇ ಇರಲಿಲ್ಲವೇನೋ. ಅಂದಿನಿಂದ ಜಾಮೀನು ಅರ್ಜಿಯಲ್ಲೇ ಆ ಮಾತು ಸೇರಿಸುತ್ತೇನೆ.

ಎಲ್ಲರೂ ಬದುಕಿ ಬರಲಿಲ್ಲ. ಫಾದರ್ ಸ್ಟ್ಯಾನ್ ಸ್ವಾಮಿ ನಿಮಗೆ ನೆನಪಿರಬಹುದು. ಜಾರ್ಖಂಡ್‌ನ ಆದಿವಾಸಿಗಳ ಹಕ್ಕಿಗಾಗಿ ದುಡಿದ ಪಾದ್ರಿ, ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸ ಮಾಡಿದವರು. 2020ರ ಅಕ್ಟೋಬರ್‌ನಲ್ಲಿ ಮಾವೋವಾದಿಗಳ ನಂಟಿನ ಆರೋಪದ ಮೇಲೆ ರಾಂಚಿಯಲ್ಲಿ ಬಂಧನವಾದಾಗ ಅವರಿಗೆ 83 ವರ್ಷ, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗಿ ಲೋಟ ಹಿಡಿಯಲಾಗದ ಅವರು ನೀರು ಕುಡಿಯಲು ಸ್ಟ್ರಾ, ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ, ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು. ಅವರ ಮೇಲಿನ ಆರೋಪದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಒಂದು ಸ್ಟ್ರಾಗೆ ನ್ಯಾಯಾಧೀಶರ ಮುಂದೆ ಹೋಗಬೇಕಾದ ವ್ಯವಸ್ಥೆ ಸೋಂಕಿನ ಕಾಲದಲ್ಲಿ ಆಕ್ಸಿಜನ್ ಕೊಡುವುದು ಹೇಗೆ?

ಜೈಲಿನೊಳಗಿನ ರೋಗ ಗೋಡೆಯೊಳಗೇ ಇರುತ್ತದೆ ಅನ್ನುವ ನಂಬಿಕೆಯೂ ತಪ್ಪು. ವಾರ್ಡರ್ ಪ್ರತಿದಿನ ಮನೆಗೆ ಹೋಗುತ್ತಾನೆ. ನಮ್ಮ ರಾಮನಗರದ್ದೇ ಉದಾಹರಣೆ ಇದೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ, ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ವಿರುದ್ಧ ನಡೆದ ಗಲಾಟೆಯಲ್ಲಿ ಬಂಧಿಸಿದವರನ್ನು ರಾಮನಗರ ಜೈಲಿಗೆ ಸಾಗಿಸಿದರು. ಆಗ ಆ ಜಿಲ್ಲೆ ಹಸಿರು ವಲಯ, ಅಂದರೆ ಸೋಂಕಿಲ್ಲದ ಜಿಲ್ಲೆ. ಸಾಗಿಸಿದ ಮೇಲೆ ಅವರಲ್ಲಿ ಐವರಿಗೆ ಸೋಂಕಿರುವುದು ಗೊತ್ತಾಯಿತು. ಮತ್ತೆ ಎಲ್ಲರನ್ನೂ ಬೆಂಗಳೂರಿನ ಹಜ್ ಭವನಕ್ಕೆ ತಂದರು. ಊರಿನವರು ಗಾಬರಿಯಾದರು, ಬಂಧಿತರೂ ಹೆದರಿದರು. ಪರೀಕ್ಷೆ ಮೊದಲು, ಸಾಗಣೆ ಆಮೇಲೆ ಅನ್ನುವ ಸರಳ ಕ್ರಮ ತಪ್ಪಿದ್ದಕ್ಕೆ ಇಷ್ಟೆಲ್ಲ.

ಸಂದರ್ಶನ ನಿಲ್ಲಿಸಿದ್ದಕ್ಕೆ ನನ್ನ ತಕರಾರಿಲ್ಲ, ಆ ವಾರಗಳಲ್ಲಿ ಅದು ಅನಿವಾರ್ಯವಾಗಿತ್ತು. ಆದರೆ ಅದರ ಬದಲಿಗೆ ಫೋನೋ ವಿಡಿಯೊ ಕರೆಯೋ ಅಂದೇ ಸಿದ್ಧವಿರಬೇಕು, ಏನು ನಡೆಯುತ್ತಿದೆ ಎಂದು ಒಳಗಿನವರಿಗೆ ತಿಳಿಸಬೇಕು. 2020ರ ಮಾರ್ಚ್ 21ರಂದು ಕೋಲ್ಕತ್ತದ ದಮ್‌ದಮ್ ಜೈಲಿನಲ್ಲಿ ಗಲಭೆಯಾದದ್ದು ಕೋರ್ಟೂ ನಿಂತು ಮನೆಯವರ ಭೇಟಿಯೂ ನಿಂತಾಗಲೇ. ಹಾಗೆಯೇ, ಪ್ರತ್ಯೇಕವಾಸ ಒಂಟಿ ಸೆಲ್ಲಿನ ಶಿಕ್ಷೆಯಾಗಬಾರದು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ ಪ್ರಕಾರ 15 ದಿನ ಮೀರಿದ ಏಕಾಂತ ಸೆರೆ ಕೂಡದು, ಹೊರಗಿನ ಜನರಿಗೆ ಸಿಗುವ ಮಟ್ಟದ ವೈದ್ಯಕೀಯ ಸೇವೆಯೇ ಒಳಗಿನವರಿಗೂ ಸಿಗಬೇಕು. ಲಸಿಕೆಯ ವಿಚಾರದಲ್ಲಿ ಮಾತ್ರ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು: ಗುರುತಿನ ಚೀಟಿ ಇಲ್ಲದ ಕೈದಿಗಳಿಗೂ ಲಸಿಕೆ ಹಾಕಲು 2021ರ ಮೇ ತಿಂಗಳಲ್ಲಿ ಕ್ರಮ ರೂಪಿಸಿತು. ಮುಂದಿನ ಸಲ ಅದು ಮೊದಲ ದಿನದಿಂದಲೇ ಇರಲಿ.

ನಿಮ್ಮ ಮನೆಯವರೇ ಒಳಗಿದ್ದರೆ ಈಗಲೂ ಮಾಡಬಹುದಾದ ಕೆಲಸಗಳಿವೆ. ಹಳೆಯ ಕಾಯಿಲೆಗಳ ಚೀಟಿ, ರಿಪೋರ್ಟುಗಳ ನಕಲನ್ನು ಅರ್ಜಿಯ ಜೊತೆ ಸೂಪರಿಂಟೆಂಡೆಂಟ್‌ಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬಂಧನದ ದಿನಾಂಕ ಬರೆದಿಟ್ಟುಕೊಳ್ಳಿ: ಆರೋಪ ಯಾವುದು ಎನ್ನುವುದರ ಮೇಲೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಲಾಕ್‌ಡೌನ್ ಕೂಡ ಇದಕ್ಕೆ ನೆಪವಾಗದು ಎಂದು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎಸ್. ಕಾಸಿ ಪ್ರಕರಣದಲ್ಲಿ ಹೇಳಿದೆ. ವಕೀಲರಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಉಚಿತ ಕಾನೂನು ನೆರವು ಸಿಗುತ್ತದೆ. ಯಾವ ಜಿಲ್ಲೆ, ಯಾವ ಕಲಂ, ಬಂಧನ ಯಾವತ್ತು ಎಂದು ಹೆಸರು ಹಾಕದೆ ಇಲ್ಲಿ ಬರೆದರೂ ಸರಿ, ದಿನ ಲೆಕ್ಕ ಹಾಕಿ ಹೇಳುತ್ತೇನೆ.