ಜಗಳಕ್ಕೂ ಸಂಬಂಧ ಅಂತೀರಾ? ಅಂತೀವಿ ಮೇಷ್ಟ್ರೇ

ಹೊಸನಗರ ಕಡೆಯಿಂದ ರಿಟೈರ್ಡ್ ಮೇಷ್ಟ್ರೊಬ್ರು ಉದ್ದದ ಪತ್ರ ಬರ್ದಿದಾರೆ, ಹೋದ ಸಂಚಿಕೇಲಿ ಡಿಗ್ರಿ ಹುಡುಗ್ರಿಗೆ ಅಂತ ನಾವು ಹಾಕಿದ್ದ ಸಮಾಜಶಾಸ್ತ್ರದ ಲೇಖನದ ಮೇಲೆ. ತಕರಾರು ಇಷ್ಟು: ಬೇಲಿ ಜಗಳ ಮಾಡ್ಕೊಂಡು ಕೋರ್ಟಿಗೆ ಅಲೀತಿರೋ ಇಬ್ರ ನಡುವೆ ಇರೋದನ್ನೂ ‘ಸಾಮಾಜಿಕ ಸಂಬಂಧ’ ಅಂದಿದೀರಲ್ಲ, ಇದೆಂಥ ಶಾಸ್ತ್ರ ಮಾರಾಯ್ರೆ? ಸಂಬಂಧ ಅಂದ್ರೆ ನಮ್ಮ ಕಾಲದ ಮುಯ್ಯಾಳು (ಇವತ್ತು ನೀವು ನಮ್ಮನೆ ಕೆಲ್ಸಕ್ಕೆ, ನಾಳೆ ನಾವು ನಿಮ್ಮನೆ ಕೆಲ್ಸಕ್ಕೆ), ಲೆಕ್ಕ ಇಲ್ಲದ ಪ್ರೀತಿ. ಈಗ ಬರೀ ದುಡ್ಡು. ಬಿ.ಎ. ಓದ್ತಿರೋ ಮೊಮ್ಮಗಳಿಗೆ ನಾನೇನು ಹೇಳ್ಲಿ?

ಮೇಷ್ಟ್ರೇ, ಮೊದಲು ಸಾಮಾಜಿಕ ಕ್ರಿಯೆ ಅಂದ್ರೆ ಏನು ಅಂತ ನೋಡಿಬಿಡೋಣ, ಆಮೇಲೆ ಬೇಲಿಗೆ ಬರ್ತೀನಿ. ಈ ಮಾತು ಮುಖ್ಯವಾಗಿ ಮ್ಯಾಕ್ಸ್ ವೆಬರ್‌ದು, ಜರ್ಮನಿಯ ಸಮಾಜಶಾಸ್ತ್ರಜ್ಞರು, 1864ರಲ್ಲಿ ಹುಟ್ಟಿ 1920ರಲ್ಲಿ ತೀರ್ಕೊಂಡ್ರು, ಇದೆಲ್ಲ ಇರೋ ದೊಡ್ಡ ಪುಸ್ತಕ ಅಚ್ಚಾಗಿದ್ದೂ ಅವ್ರು ಹೋದ ಮೇಲೆ. ಅವ್ರು ಕೊಡೋ ಒಂದು ಉದಾಹರಣೆ ನಮ್ಮೂರಿಗೇ ಮಾಡಿಟ್ಟ ಹಾಗಿದೆ. ಮಳೆ ಶುರುವಾಯ್ತು, ರಸ್ತೇಲಿದ್ದೋರೆಲ್ಲ ಒಟ್ಟಿಗೆ ಕೊಡೆ ಬಿಚ್ಚಿದ್ರು. ಇದು ಸಾಮಾಜಿಕ ಕ್ರಿಯೆ ಅಲ್ವಂತೆ! ಯಾಕಂದ್ರೆ ಯಾರೂ ಇನ್ನೊಬ್ಬರನ್ನ ನೋಡಿ ಬಿಚ್ಚಿದ್ದಲ್ಲ, ಮಳೆಗೆ ಬಿಚ್ಚಿದ್ದು ಅಷ್ಟೇ. (ಆಗುಂಬೆ ನೋಡದೇ ಇದನ್ನ ಬರ್ದಿದಾರೆ ಅನ್ನೋದೇ ನಂಗೆ ಆಶ್ಚರ್ಯ.) ಆದ್ರೆ ಜುಲೈ ತಿಂಗಳಲ್ಲಿ ಶಿವಮೊಗ್ಗದ ಗಾಂಧಿ ಬಜಾರಲ್ಲಿ ಎದುರಿಗೆ ಬರೋ ಹೆಂಗಸಿನ ಕಣ್ಣಿಗೆ ಕೊಡೆ ಕಡ್ಡಿ ತಾಗತ್ತೆ ಅಂತ ನೀವು ಕೊಡೆನ ಸ್ವಲ್ಪ ಓರೆ ಮಾಡ್ತೀರಿ, ಅವ್ರು ತಮ್ಮದನ್ನ ಮೇಲೆತ್ತಿ ದಾಟ್ಕೊಂಡು ಹೋಗ್ತಾರೆ, ಆಗ ಅದು ಸಾಮಾಜಿಕ ಕ್ರಿಯೆ. ಎದುರಿನೋರು ಏನ್ ಮಾಡ್ತಾರೆ ಅನ್ನೋದನ್ನ ಮನಸಲ್ಲಿ ಇಟ್ಕೊಂಡು ನಾವು ಮಾಡೋ ಕೆಲ್ಸ. ಹಾಗೇ ಎರಡು ಸೈಕಲ್ ಡಿಕ್ಕಿ ಹೊಡ್ಕೊಂಡ್ರೆ ಡಿಕ್ಕಿ ಬರೀ ಘಟನೆ, ಮರದ ಕೊಂಬೆ ಮುರಿದು ಬಿದ್ದಷ್ಟೇ. ತಪ್ಪಿಸ್ಕೊಳ್ಳೋಕೆ ಹ್ಯಾಂಡಲ್ ತಿರುಗಿಸಿದ್ದು, ಆಮೇಲೆ ‘ಕಣ್ ಕಾಣ್ಸಲ್ವೇನ್ರೀ’ ಅಂದಿದ್ದು, ಇದೆಲ್ಲ ಸಾಮಾಜಿಕ ಕ್ರಿಯೆ.

ಈಗ ಬೇಲಿಗೆ ಬನ್ನಿ. ಇಬ್ರೂ ಹೀಗೆ ಒಬ್ರನ್ನೊಬ್ರು ಲೆಕ್ಕಕ್ಕೆ ತಗೊಂಡು ನಡ್ಕೊಳ್ತಾರೆ ಅನ್ನೋ ಸಾಧ್ಯತೆ ಎಲ್ಲಿವರೆಗೆ ಇರತ್ತೋ ಅಲ್ಲಿವರೆಗೆ ಅದು ಸಂಬಂಧ, ವೆಬರ್ ಹೇಳೋದು ಇಷ್ಟೇ. ಪ್ರೀತಿ ಇರ್ಲೇಬೇಕು ಅಂತ ಕಂಡೀಷನ್ ಇಲ್ಲ. ಸ್ನೇಹ, ವ್ಯಾಪಾರ, ಹಗೆತನ ಎಲ್ಲಾನೂ ಒಂದೇ ಪಟ್ಟೀಲಿ ಹಾಕ್ತಾರೆ. ವ್ಯಾಜ್ಯದಲ್ಲಿರೋ ಪಕ್ಕದ ತೋಟದೋರನ್ನೇ ನೋಡಿ: ಅಗಳ ತೋಡೋ ಮುಂಚೆ ಅವ ಫೋಟೋ ಹೊಡ್ಕೊಂಡು ಹೋಗ್ತಾನಾ ಅಂತ ಯೋಚ್ನೆ, ಗಡಿ ಮರದ ಕೊಂಬೆ ಕಡಿಯೋಕೆ ಅವ ವಾಯ್ದೆಗೆ ಹೋದ ದಿನಾನೇ ಬೇಕು, ಅವನ ಮನೆ ಮದುವೆಗೆ ಹೋಗಲ್ಲ ಆದ್ರೆ ಯಾರ್ಯಾರು ಹೋದ್ರು ಅಂತ ಪೂರ್ತಿ ಗೊತ್ತಿರತ್ತೆ. ಬೆಂಗಳೂರಲ್ಲಿರೋ ಸ್ವಂತ ತಮ್ಮನ್ನ ಇಷ್ಟು ನೆನೆಸ್ಕೋತಾರಾ? ಇಬ್ರೂ ತೋಟ ಮಾರಿ ಎಲ್ಲೆಲ್ಲೋ ಹೋಗಿ, ಒಬ್ರ ಸುದ್ದಿ ಇನ್ನೊಬ್ರಿಗೆ ಬೇಡ ಅಂತಾದ್ರೆ ಸಂಬಂಧ ಅವತ್ತು ಮುಗೀತು. ಜಗಳಾನೂ ಜನ ಒಟ್ಟಿಗೆ ಬದುಕೋ ಒಂದು ರೀತಿ ಅಂತ ವೆಬರ್ ಕಾಲದವ್ರೇ ಆದ ಗೇಯಾರ್ಗ್ ಸಿಮ್ಮೆಲ್ ಇನ್ನೂ ಜೋರಾಗೇ ಬರ್ದಿದಾರೆ.

ಇನ್ನೊಂದು ವಿಷ್ಯ ಲೇಖನದಲ್ಲಿ ಒಂದೇ ಸಾಲಲ್ಲಿ ಬಂದು ಹೋಗಿತ್ತು, ನಂಗೆ ಅದೇ ಮುಖ್ಯ ಅನ್ಸತ್ತೆ. ಸಂಬಂಧ ಒಂದೇ ಇದ್ರೂ ಎರಡೂ ಕಡೆಯೋರಿಗೆ ಅದರ ಅರ್ಥ ಒಂದೇ ಇರ್ಬೇಕಾಗಿಲ್ಲ. ನಮ್ಮ ಜಿಲ್ಲೇಲಿ ಇದಕ್ಕೆ ಕಾಗೋಡಿಗಿಂತ ಉದಾಹರಣೆ ಬೇಕಾ? ಒಡೆಯರ ಮನೇಲಿ ‘ನಮ್ಮ ಒಕ್ಕಲು, ತಲೆತಲಾಂತರದಿಂದ ನಮ್ಮನ್ನ ನಂಬ್ಕೊಂಡೋರು’ ಅಂತಿದ್ರು, ಗೇಣಿ ಅಳೆಯೋ ಕೊಳಗ ದೊಡ್ಡದಾಗಿದೆ ಅಂತ ಒಕ್ಕಲಿಗೆ ಗೊತ್ತಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಆ ಕಾಗೋಡಲ್ಲಿ ಗೇಣಿದಾರರ ಸತ್ಯಾಗ್ರಹ ಆಯ್ತು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅರೆಸ್ಟ್ ಆದ್ರು. ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದು ಗೇಣಿ ಪದ್ಧತಿನೇ ಹೋಗೋ ಹೊತ್ತಿಗೂ ಎಷ್ಟೋ ಒಡೆಯರಿಗೆ ‘ಅಷ್ಟು ಚೆನ್ನಾಗಿದ್ವಲ್ಲ’ ಅನ್ನೋ ಬೇಜಾರು ನಿಜವಾಗ್ಲೂ ಇತ್ತು. ಸುಳ್ಳು ಹೇಳ್ತಿರ್ಲಿಲ್ಲ ಅವ್ರು. ಅವ್ರ ಕಡೆಯಿಂದ ಸಂಬಂಧ ಹಾಗೇ ಕಾಣ್ತಿತ್ತು.

ಮುಯ್ಯಾಳಿನ ಬಗ್ಗೆ ನಿಮ್ಮ ಬೇಜಾರು ನಂಗೆ ಅರ್ಥ ಆಗತ್ತೆ, ಅಡಿಕೆ ಸುಗ್ಗಿಲಿ ರಾತ್ರಿ ಜಗಲಿ ತುಂಬ ಮೆಟ್ಟುಗತ್ತಿ ಇಟ್ಕೊಂಡು ಸುಲಿಯೋದು, ಮಧ್ಯೆ ಕಾಫಿ, ಊರ ಸುದ್ದಿ, ಯಾರೋ ಒಬ್ರು ಯಕ್ಷಗಾನದ ಪದ ಶುರು ಮಾಡೋದು. ಆದ್ರೆ ‘ಲೆಕ್ಕ ಇಲ್ಲದ ಪ್ರೀತಿ’ ಅಂತ ಒಂದನೇ ಪುಟದಲ್ಲಿ ಬರ್ದೋರು ಮೂರನೇ ಪುಟದಲ್ಲಿ ನೀವೇ ಹೇಳಿದೀರಿ, ಅಪ್ಪಯ್ಯ ಪಂಚಾಂಗದ ಕೊನೇ ಹಾಳೇಲಿ ಯಾರ ಮನೆಯಿಂದ ಎಷ್ಟು ಆಳು ಬಂದಿತ್ತು ಅಂತ ಗೀಟು ಎಳೀತಿದ್ರು ಅಂತ! ಅದು ಲೆಕ್ಕ ಅಲ್ದೇ ಮತ್ತೇನು? ಕೊಡೋದು, ತಗೊಳ್ಳೋದು, ತಿರುಗಿಸೋದು ಮೂರೂ ಕಡ್ಡಾಯ ಅಂತ ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆ ಬಗ್ಗೆ ಬರ್ದಿದ್ದು ಆ ಗೀಟಿಗೂ ಸರಿಯಾಗೇ ಹೊಂದತ್ತೆ. ವೆಬರ್ ಕ್ರಿಯೆಗಳನ್ನ ನಾಲ್ಕು ನಮೂನೆ ಮಾಡ್ತಾರೆ: ಲಾಭ ನಷ್ಟ ನೋಡಿ ಮಾಡಿದ್ದು, ಇದು ಸರಿ ಅಂತ ನಂಬಿ ಏನಾದ್ರಾಗ್ಲಿ ಅಂತ ಮಾಡಿದ್ದು, ಸಿಟ್ಟೋ ಪ್ರೀತಿಯೋ ಉಕ್ಕಿ ಮಾಡಿದ್ದು, ರೂಢಿ ಅಂತ ಮಾಡಿದ್ದು. ಮುಯ್ಯಾಳಲ್ಲಿ ನಾಲ್ಕೂ ಸೇರಿತ್ತು. ನಿಜ ಜೀವನದಲ್ಲಿ ಯಾವ್ದೂ ಒಂಟಿಯಾಗಿ ಸಿಗೋದು ಅಪರೂಪ ಅಂತ ಅವ್ರೇ ಒಪ್ಕೋತಾರೆ. ಮತ್ತೆ ಸ್ವಂತ ಗದ್ದೆ ತೋಟ ಇಲ್ದೋರಿಗೆ ಮುಯ್ಯಿ ತೀರಿಸಿಕೊಳ್ಳೋಕೆ ಜಾಗಾನೇ ಇರ್ಲಿಲ್ಲ, ಅವ್ರು ಕೂಲಿಗೆ ಬರ್ತಿದ್ರು, ಅದನ್ನೂ ಪತ್ರದಲ್ಲಿ ಸೇರಿಸ್ಬೋದಿತ್ತು ನೀವು.

ಈಗ ಸುಲಿಯೋ ಮಷೀನು ಬಂದಿದೆ, ದುಡ್ಡು ಕೊಟ್ರೆ ಕೆಲ್ಸ ಆಗತ್ತೆ, ನಿಜ. ಆದ್ರೆ ಮಳೆ ಬರೋ ಹಾಗಿದ್ದಾಗ ಮಷೀನಿನವ ಮೊದಲು ಯಾರ ಮನೆಗೆ ಬರ್ತಾನೆ ಅಂತ ನೋಡಿ, ರೇಟು ಎಲ್ರಿಗೂ ಒಂದೇ ಇದ್ರೂ.

ಮೊಮ್ಮಗಳಿಗೆ ಪರೀಕ್ಷೇಲಿ ಆ ನಾಲ್ಕು ನಮೂನೆ ಬರೀಲಿಕ್ಕೆ ಹೇಳಿ, ಮಾರ್ಕ್ಸ್ ಅದಕ್ಕೇ ಬರೋದು. ಪ್ರಾಜೆಕ್ಟ್ ವರ್ಕ್ ಏನಾದ್ರೂ ಇದ್ರೆ ಮಾತ್ರ ಆ ಪಂಚಾಂಗ ಅವಳ ಕೈಗೆ ಕೊಡಿ, ಯಾವ ಮನೆ ಹೆಸ್ರು ಅದರಲ್ಲಿ ಇದೆ, ಯಾವ್ದು ಇಲ್ಲ ಅಂತ ಅವಳೇ ಹುಡುಕ್ಲಿ.

— ಸಂ.